ಕೇಳದೆ ಕೊಟ್ಟ ಹೆಗಲು

ಗಂಗಾವತಿಯ ಒಂದು ಅಕ್ಕಿ ಮಿಲ್ಲಿನ ಖಾಲಿ ಗೋದಾಮಿನಲ್ಲಿ ನಾವು ನಾಲ್ಕು ಜನ ಎಂಟು ತಿಂಗಳು, ಪ್ರತಿ ಗುರುವಾರ ಮಧ್ಯಾಹ್ನ ಕೂತು ಜಾಜ್ ನುಡಿಸಿದೆವು. ನಗಬೇಡಿ. ಕೊಪ್ಪಳದ ಮದುವೆ ಬ್ಯಾಂಡಿನ ಮುದುಕನಿಗೂ ಜಾಜಿಗೂ ಏನು ಸಂಬಂಧ ಎನ್ನುವವರನ್ನು ನಾನು ತಿರುಗಿ ಕೇಳುತ್ತೇನೆ: ಯಲಬುರ್ಗಾದಲ್ಲಿ ಮದುಮಗನ ಕುದುರೆ ಪಟಾಕಿಗೆ ಬೆದರಿ ಓಟ ಕಿತ್ತಾಗ, ಊದುತ್ತಿದ್ದ ಹಾಡನ್ನು ಅರ್ಧಕ್ಕೆ ಬಿಟ್ಟು, ಕುದುರೆಯ ಗೊರಸಿನ ಲಯಕ್ಕೇ ಹೊಸದೊಂದು ಹುಟ್ಟಿಸಿ, ಇಡೀ ಮೆರವಣಿಗೆಯನ್ನು ಅದರ ಹಿಂದೆ ಓಡಿಸಿದವರು ಯಾರು? ನಾನೇ. ಜಾಜ್ ಅಂದರೆ ಅಷ್ಟೇ. ನನಗೆ ಅದರ ಹೆಸರು ಗೊತ್ತಿರಲಿಲ್ಲ, ನುಡಿಸುವುದು ಗೊತ್ತಿತ್ತು.

ಬಾಸ್ ಗಿಟಾರ್ ಹಿಡಿದವರು ಮಿಲ್ಲಿನ ಮಾಲೀಕರೇ. ಐವತ್ತು ದಾಟಿದ ಆಸಾಮಿ. ಭತ್ತದ ಮಾತಾಡುವಾಗ ತೆಲುಗು, ಸಂಗೀತದ ಮಾತಾಡುವಾಗ ಕನ್ನಡ, ಸಿಟ್ಟು ಬಂದರೆ ಎರಡೂ. ಕಂಪ್ಯೂಟರಿನ ಮುಂದೆ ಕೂರುವವರು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಮೇಡಂ. ಡ್ರಮ್ಮಿಗೆ ನನ್ನ ಹಳೆಯ ದೋಸ್ತ. ಗಿಣಿಗೇರಾದ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬಂದು ನನ್ನ ಜೊತೆ ಮೆರವಣಿಗೆಯಲ್ಲಿ ಬಾರಿಸುತ್ತಿದ್ದವನು. ನಲವತ್ತು ವರ್ಷ ಅವನು ನನ್ನ ಬಲಗಡೆಗೇ ನಡೆದ. ಆ ಕಡೆಯ ನನ್ನ ಕಿವಿ ಈಗ ಅರ್ಧ ಕಿವುಡು. ಇದು ಅವನನ್ನೂ ನನ್ನನ್ನೂ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಕ್ಲಾರ್ನೆಟ್ ನನ್ನದು. ಅದರ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ನನ್ನ ಊದು ಕೇಳದವರು ಈ ಭಾಗದಲ್ಲಿ ಇದ್ದರೆ ಅದು ಅವರ ಕರ್ಮ.

ಗೋದಾಮಿನಲ್ಲಿ ನಮ್ಮ ಪದ್ಧತಿ ಹೀಗಿತ್ತು. ಬರೆದ ಸ್ವರ ಇಲ್ಲ, ಗೊತ್ತಿರುವ ಹಾಡು ಊದುವಂತಿಲ್ಲ. ಯಾವ ಸ್ವರದಿಂದ ಶುರು, ಯಾರು ಮುಗಿಸಬೇಕು, ಇವೆರಡೇ ಮೊದಲು ಮಾತಾಗುತ್ತಿದ್ದವು. ಆಮೇಲೆ ಒಬ್ಬ ವಾದ್ಯದಲ್ಲಿ ಒಂದು ಮಾತು ಅಂದರೆ ಇನ್ನೊಬ್ಬ ಉತ್ತರ ಕೊಡಬೇಕು, ಇಲ್ಲವೇ ಸುಮ್ಮನಿರಬೇಕು. ಸುಮ್ಮನಿರುವುದು ಕಲಿಯಲು ನನಗೆ ಎರಡು ತಿಂಗಳು ಬೇಕಾಯಿತು. ಮನೆಯಲ್ಲಿ ನನ್ನ ಹೆಂಡತಿಗೆ ಈ ಸುದ್ದಿ ಹೇಳಿದರೆ, "ಆ ಮಿಲ್ಲಿಗೆ ನನ್ನೂ ಕರ್ಕೊಂಡ ಹೋಗು, ನಿನಗ ಸುಮ್ಮನಿರೂದು ಕಲಿಸ್ದೋರ ಕಾಲು ಮುಟ್ಟಿ ಬರ್ತೀನಿ" ಎಂದಳು.

ಕ್ಲಾರ್ನೆಟಿನ ಅಗಲ ಬಾಯಿಗೆ ಹೆಬ್ಬೆರಳಿನಷ್ಟು ಮೈಕ್ ಸಿಕ್ಕಿಸುತ್ತಿದ್ದರು. ಅದರ ತಂತಿ ಮೇಡಂ ಕಂಪ್ಯೂಟರಿಗೆ, ಅಲ್ಲಿಂದ ಸ್ಪೀಕರಿಗೆ. ಬಾಸಿನ ತಂತಿಯ ಮೇಲೆ ಬೆರಳು ಜಾರಿದ ಸದ್ದನ್ನು ಅವರು ದೂರದ ರೈಲು ಮಾಡುತ್ತಿದ್ದರು. ಡ್ರಮ್ಮಿನ ಮೇಲೆ ಕೋಲಿನ ಬದಲು ತಂತಿಯ ಬ್ರಷ್ ಸವರಿದರೆ ಅದು ಹೊಟ್ಟು ತೂರಿದಂತೆ ಗೋದಾಮಿನ ಆ ತುದಿಯಿಂದ ತಿರುಗಿ ಬರುತ್ತಿತ್ತು. ಎಲ್ಲಾ ತೆಳುವಾಗಿ, ಇದೆಯೋ ಇಲ್ಲವೋ ಎನ್ನುವಷ್ಟು.

"ನನ್ನ ಸ್ವರಕ್ಕ ಏನ್ ಮಾಡ್ತೀರಿ ಮೇಡಂ?" ಎಂದು ಮೊದಲ ದಿನವೇ ಕೇಳಿದ್ದೆ.

"ಏನೂ ಇಲ್ರಿ ಕಾಕಾ. ಸ್ವಲ್ಪ ಗೋದಾಮು ಹಚ್ತೀನಿ, ಅಷ್ಟ."

"ಗೋದಾಮಿನ್ಯಾಗ ಕುಂತು ಗೋದಾಮು ಹಚ್ಚೂದೇನ್ರಿ?"

ಎಲ್ಲರೂ ನಕ್ಕರು. ನಾನು ನಗಿಸಿದೆ ಎಂದುಕೊಂಡೆ.

ಎರಡನೇ ವಾರ ನನ್ನ ಸ್ಪೀಕರನ್ನು ಎಡಗಡೆಯಿಂದ ಎತ್ತಿ ಬಲಗಡೆ ಇಟ್ಟರು. ಯಾಕೆ ಎಂದದ್ದಕ್ಕೆ ದೋಸ್ತ, "ಆ ಕಡೆ ಗ್ವಾಡಿ ಹಸಿ ಐತಿ" ಎಂದ. ಗೋಡೆ ಮುಟ್ಟಿ ನೋಡುವ ಕೆಲಸ ನಾನು ಮಾಡಲಿಲ್ಲ.

ಅದಾದ ಮೇಲೆ ಒಂದು ಚಮತ್ಕಾರ ಶುರುವಾಯಿತು. ನನ್ನ ದಮ್ ಬೆಳೆಯತೊಡಗಿತು. ಎಪ್ಪತ್ತೊಂದರ ವಯಸ್ಸಿಗೆ, ಕಟ್ಟಿಸಿದ ಹಲ್ಲಿನ ಬಾಯಿಗೆ! ಒಂದು ಸ್ವರ ಹಿಡಿದರೆ ಅದು ಬೀಳುತ್ತಲೇ ಇರಲಿಲ್ಲ. ಹತ್ತು, ಹನ್ನೆರಡು ಎಣಿಸುವ ಹೊತ್ತಿಗೆ ಎದೆ ಖಾಲಿಯಾದಂತೆ ಅನಿಸಿದರೂ ಸ್ವರ ಮಾತ್ರ ಗಟ್ಟಿ. ಒಂದಿಷ್ಟು ಗಾಳಿ ಸೋಕಿದರೂ ಸಾಕು, ಕೊಳವೆ ತಾನೇ ಹಾಡುತ್ತದೆ. ಇದೇ ಪಕ್ವತೆ, ಇಷ್ಟು ವರ್ಷ ಸುಮ್ಮನೆ ಎದೆ ಒಡೆದುಕೊಂಡೆ ಎಂದುಕೊಂಡೆ. ತುಟಿ ತೆಗೆದ ಮೇಲೂ ಒಂದು ಬಾಲ ಉಳಿಯುತ್ತಿತ್ತು. ಅದು ಮೇಡಂ ಹಚ್ಚಿದ ಗೋದಾಮು, ಅಂದರೆ ಖಾಲಿ ಗೋದಾಮಿನ ಮಾರ್ದನಿ, ಎಂದುಕೊಂಡೆ. ಧ್ವನಿಮುದ್ರಣವನ್ನು ಮನೆಗೆ ತಂದು ಫೋನಿನಲ್ಲಿ ಎಣಿಸಿದರೆ ಇಪ್ಪತ್ತೈದು, ಇಪ್ಪತ್ತೆಂಟು. ನುಡಿಸಿ ಮುಗಿಸಿದಾಗಲೆಲ್ಲ ದೋಸ್ತ ಬ್ರಷ್ ಕೆಳಗಿಟ್ಟು ಹೇಳುತ್ತಿದ್ದ: "ಏನ್ ದಮ್ಮಲೇ ನಿಂದು! ಛಲೋ ಊದಿದಿ ಬಿಡು."

ನಾನು ಸುಮ್ಮನಿರುವ ಜಾತಿಯವನಲ್ಲ. ಕೊಪ್ಪಳದಲ್ಲಿ ಹಳೆಯ ಬ್ಯಾಂಡಿನವರು ಸೇರುವ ಚಹಾದಂಗಡಿಯಲ್ಲಿ ಫೋನ್ ಹಚ್ಚಿ ಎಲ್ಲರಿಗೂ ಕೇಳಿಸಿದೆ. ದೋಸ್ತನನ್ನು ಅವರ ಎದುರೇ ಕಾಡಿದೆ. ಅವನ ಬೆರಳಿನ ಗೆಣ್ಣುಗಳು ವಾತಕ್ಕೆ ಬಾತಿದ್ದವು; "ಇಂವಗ ಡ್ರಮ್ ಬ್ಯಾಡ್ರಿ, ರೊಟ್ಟಿ ಬಡಿಯಾಕ ಹಚ್ರಿ" ಎಂದೆ. ಅವನು ಚಹಾ ಕುಡಿದು ನಕ್ಕ. ಆಗ ಹಿಟ್ನಾಳದ ಟ್ರಂಪೆಟ್ ಮುದುಕ ಫೋನನ್ನು ಕಿವಿಗೆ ಹಿಡಿದು ಎರಡು ಸಲ ಕೇಳಿದ. ಅವನೂ ನನ್ನ ವಯಸ್ಸಿನವನೇ, ಮೊದಲಿನಿಂದಲೂ ನನಗೆ ಸವತಿಯಿದ್ದಂತೆ.

"ಇದು ನಿನ್ನ ದಮ್ಮಲ್ಲ. ಫೋನಿನ ದಮ್" ಎಂದ.

"ಬರೂ ಐತವಾರ ಮುಂಜಾನಿ ಇಲ್ಲೇ ಕೊಪ್ಪಳದಾಗ ನಮ್ಮ ಪ್ರೋಗ್ರಾಮ್ ಐತಿ. ಮುಂದಿನ ಕುರ್ಚಿ ಹಿಡಿ. ಬೆರಳ ಮಡಚಿ ಎಣಸು. ಒಂದ ಉಸಿರಿನ್ಯಾಗ ಇಪ್ಪತ್ತೈದು" ಎಂದೆ.

"ಆಗ್ಲಿಲ್ಲಂದ್ರ?"

"ಕ್ಲಾರ್ನೆಟ್ ನಿಂದು. ಅಲ್ಲೇ ಕೊಡ್ತೀನಿ."

ಅಂಗಡಿಯಲ್ಲಿದ್ದವರೆಲ್ಲ ಸಾಕ್ಷಿ. ದೋಸ್ತ ಉಳಿದ ಚಹಾ ಬಿಟ್ಟು ಎದ್ದ. ರೊಟ್ಟಿಯ ಮಾತು ಈಗ ನಾಟಿತು ಎಂದುಕೊಂಡೆ.

ಅದು ಸೋಮವಾರ. ಗುರುವಾರ ಗೋದಾಮಿನಲ್ಲಿ ಕೊನೆಯ ತಾಲೀಮು. ಅವತ್ತು ನನಗೆ ಚೇಷ್ಟೆ ಉಕ್ಕಿತ್ತು. ಮೆರವಣಿಗೆಯ ಕಾಲದ ನನ್ನದೊಂದು ಹಳೆಯ ಕುಚೋದ್ಯ ಇದೆ: ಉದ್ದ ಸ್ವರವನ್ನು ಏರಿಸಿ ಏರಿಸಿ, ಈಗ ಬಾರಿಸಬೇಕು ಎಂದು ಡ್ರಮ್ಮಿನವನು ಕೋಲೆತ್ತಿದ ಹೊತ್ತಿಗೆ ಪಟ್ಟನೆ ನಿಲ್ಲಿಸಿಬಿಡುವುದು. ಅವನು ಕತ್ತಲಲ್ಲಿ ಇಲ್ಲದ ಮೆಟ್ಟಿಲು ತುಳಿದಂತೆ ಖಾಲಿ ಜಾಗದಲ್ಲಿ ಬೀಳುತ್ತಾನೆ. ಉದ್ದ ಸ್ವರ ಊದುವಾಗ ನಾನು ಯಾವಾಗಲೂ ಕಣ್ಣು ಮುಚ್ಚುತ್ತೇನೆ. ಅವತ್ತು ಮುಚ್ಚಲಿಲ್ಲ. ಅವನು ಬೀಳುವುದನ್ನು ನೋಡಬೇಕಿತ್ತು.

ಮಾಲೀಕರು ಬಾಸ್ ನಿಲ್ಲಿಸಿದ್ದರು, ದೋಸ್ತ ಬ್ರಷ್ ಮಾತ್ರ ಸವರುತ್ತಿದ್ದ. ನಾನು ಸ್ವರ ಹಿಡಿದೆ. ಎಂಟನೇ ಎಣಿಕೆಗೆ ಬೇಕೆಂದೇ ಸ್ವಲ್ಪ ನಡುಗಿಸಿದೆ. ಆಗ ದೋಸ್ತನ ಗದ್ದ ಒಂದಿಷ್ಟು ಮೇಲಕ್ಕೆದ್ದಿತು. ನನಗಲ್ಲ, ಮೇಡಂ ಕಡೆಗೆ. ಮೇಡಂ ಪಾದ ಮೇಜಿನ ಕೆಳಗಿದ್ದ ಪೆಡಲಿನ ಮೇಲೆ ಇಳಿಯಿತು. ಒಂಬತ್ತಕ್ಕೆ ನಾನು ಕ್ಲಾರ್ನೆಟನ್ನು ಬಾಯಿಂದ ತೆಗೆದು ತೊಡೆಯ ಮೇಲೆ ಇಟ್ಟುಕೊಂಡೆ.

ಸ್ವರ ನಿಲ್ಲಲಿಲ್ಲ.

ಹತ್ತು, ಹನ್ನೊಂದು, ಹನ್ನೆರಡು. ನನ್ನದೇ ಸ್ವರ, ನನ್ನ ತುಟಿಯದೇ ಗರಗರ, ಕೂದಲೆಳೆಯಷ್ಟೂ ಇಳಿಯದೆ ಗೋದಾಮಿನ ತುಂಬ. ಎಡಗಿವಿಯನ್ನು ಆ ಕಡೆಗೆ ತಿರುಗಿಸಿ ಕೇಳಿದೆ. ಅಷ್ಟು ಚೆನ್ನಾಗಿ ನಾನೆಂದೂ ಊದಿರಲಿಲ್ಲ.

"ಯಾರು ಊದಾಕತ್ತಿದ್ದು?" ಎಂದೆ.

ಮೇಡಂ ಕಾಲು ತೆಗೆದರು. ಮಾಲೀಕರು ಸರಿಯಾಗಿಯೇ ಇದ್ದ ತಂತಿಯನ್ನು ತಿರುಪತೊಡಗಿದರು.

"ಕಾಕಾ, ಅದು ಸಣ್ಣ ಆಸರ ರೀ. ನಿಮ್ಮ ಸ್ವರದ ಕೊನಿ ಚೂರು ಹಿಡ್ಕೊಂಡು ಹಂಗ ಮುಂದ ಒಯ್ತದ. ಇಳದಿದ್ರ ಸ್ವಲ್ಪ ಎತ್ತತದ. ಬ್ಯಾರೆ ಏನಿಲ್ರಿ."

"ಯಾವಾಗಿಂದ?"

"ಎರಡನೇ ವಾರದಿಂದ."

"ಗ್ವಾಡಿ ಹಸಿ ಇದ್ದ ವಾರದಿಂದ" ಎಂದೆ. ಯಾರೂ ನಗಲಿಲ್ಲ. ಸ್ಪೀಕರನ್ನು ನನ್ನ ಕಿವುಡು ಕಿವಿಯ ಕಡೆಗೆ, ಬಲಕ್ಕೆ ಇಡಲು ಅವರಿಗೆ ಹೇಳಿದವನಿಗೆ ಆ ಗುಟ್ಟು ಗೊತ್ತಿರಬೇಕು. ಅದು ಗೊತ್ತಿದ್ದವನು ಒಬ್ಬನೇ. ಅವನ ಕಡೆ ತಿರುಗಿದೆ.

"ನಾನ ಹೇಳಿದ್ದು" ಎಂದ ದೋಸ್ತ. "ಮೇಡಂರಿಗಿ ಏನೂ ಅನಬ್ಯಾಡ."

"ಯಾಕ?"

"ಕುಷ್ಟಗಿ ಮೆರವಣಿಗ್ಯಾಗ ನೀ ಚಪ್ಪಲಿ ಉಂಗುಟ ಹರೀತು ಅಂತ ಕುಂತಿದ್ದಿ. ಚಪ್ಪಲಿ ಸುದ್ದ ಇತ್ತು. ದಮ್ ಹರದಿತ್ತು. ಅವತ್ತಿಂದ ನಾನ ಡ್ರಮ್ ಜಾಸ್ತಿ ಬಾರಿಸಿ ಮುಚ್ಚಿಕೊಂತ ಬಂದೀನಿ. ಇಲ್ಲಿ ಡ್ರಮ್ಮಿಲೆ ಮುಚ್ಚಾಕ ಬರಂಗಿಲ್ಲ, ಎಲ್ಲಾ ಸಣ್ಣಗ ಬಾರಿಸಬೇಕು. ಅದಕ್ಕ ಹೇಳಿದೆ. ನಿನಗ ಹೆಗಲು ಕೊಡ್ರಿ ಅಂತ."

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ನಮ್ಮ ಬ್ಯಾಂಡಿನಲ್ಲಿ ಕ್ಲಾರ್ನೆಟ್ಟುಗಳು ಜೋಡಿಯಾಗಿ ನಡೆಯುತ್ತಿದ್ದವು. ಹಿರಿಯನ ಉಸಿರು ಇಳಿಯುವಾಗ ಕಿರಿಯ ಅದೇ ಸ್ವರದ ಅಡಿಗೆ ನುಸುಳಿ ಅದನ್ನು ಬೀಳದಂತೆ ಹಿಡಿಯುತ್ತಿದ್ದ. ಇದಕ್ಕೆ ಹೆಗಲು ಕೊಡುವುದು ಎಂದು ಹೆಸರು. ಅದಕ್ಕೊಂದು ಕಟ್ಟಳೆ ಇತ್ತು: ಹಿರಿಯ ತನ್ನ ಮೊಣಕೈಯಿಂದ ಕಿರಿಯನನ್ನು ತಟ್ಟಿ ಕೇಳಬೇಕು. ಕೇಳದೆ ನುಸುಳಿದರೆ ಹಾಡು ಮುಗಿದ ಮೇಲೆ ಎಲ್ಲರ ಎದುರು ಬೈಗುಳ. ನಾನೂ ತಿಂದಿದ್ದೇನೆ. ಕೇಳದೆ ಹೆಗಲು ಕೊಡುವುದು ಲೋಕದಲ್ಲಿ ಒಬ್ಬರಿಗೇ.

"ಹೆಗಲು ಕೊಡ್ರಿ ಅಂದಿ" ಎಂದೆ. "ಕೇಳ್ದ ಹೆಗಲು ಕೊಡೂದು ಹೆಣಕ್ಕಲೇ. ನಾ ಸತ್ತೀನಿ ಅಂತ ತಿಳ್ಕೊಂಡಿಯೇನು?"

"ಅವಮಾನ ಆಗಬಾರದು ಅಂತ ಮಾಡೀನಲೇ."

"ಮುಚ್ಚಿದಿ, ಮುಚ್ಚು. ಮಂದಿ ಮುಂದ ಮುಚ್ಚೂದು ದೋಸ್ತನ ಕೆಲಸ. ನನ್ನ ಮುಂದ ಯಾಕ ಮುಚ್ಚಿದಿ? ಪ್ರತಿ ಸಲ ಬ್ರಷ್ ಇಟ್ಟು, ಏನ್ ದಮ್ಮಲೇ ಅಂದ್ಯಲ್ಲ, ಆ ಮಾತು ಯಾರು ಅನ್ನು ಅಂದಿದ್ರು? ಅದೂ ಪೆಡಲಿನ್ಯಾಗ ಬರ್ತಿತ್ತೇನು?"

ಅವನು ಬಾತ ಬೆರಳುಗಳನ್ನು ಒಂದೊಂದಾಗಿ ಒತ್ತಿಕೊಳ್ಳುತ್ತ ಕೂತ.

ಯಂತ್ರ ಆರಿಸಲು ಹೇಳಿದೆ. ಮೈಕಿನ ತಂತಿಯನ್ನೂ ಬಿಚ್ಚಿಸಿದೆ. ಎದೆ ತುಂಬಿಕೊಂಡು ಅದೇ ಸ್ವರ ಊದಿದೆ. ಮಾಲೀಕರು ಎಣಿಸಿದರು, ತೆಲುಗಿನಲ್ಲಿ. ಹನ್ನೊಂದು. ಎಂಟಕ್ಕೇ ಸ್ವರ ಇಳಿಯತೊಡಗಿತ್ತು. ಹತ್ತಿರ ಎಂಟು ತಿಂಗಳ ಮೇಲೆ ನನ್ನನ್ನು ನಾನು ಕೇಳಿದೆ. ಚಹಾದಂಗಡಿಯಲ್ಲಿ ಫೋನ್ ಹಿಡಿದು ಕುಣಿದದ್ದು, ಅವನು ಚಹಾ ಕುಡಿಯುತ್ತ ನಕ್ಕದ್ದು, ಎಲ್ಲಾ ಕಣ್ಣ ಮುಂದೆ ಬಂತು. ನಾನು ಅವನನ್ನು ರೊಟ್ಟಿ ಬಡಿಯಲು ಕಳಿಸುತ್ತಿದ್ದಾಗ, ಅವನು ನನ್ನ ಕುತ್ತಿಗೆಯ ನರ ನೋಡಿ ಗದ್ದ ಎತ್ತುತ್ತಿದ್ದ.

ಐತವಾರದ ಪ್ರಶ್ನೆ ಉಳಿಯಿತು. ಮೊದಲು ಬಾಯಿ ಬಿಟ್ಟವರು ಮಾಲೀಕರು.

"ಮಾಸ್ತರ್ ಗಾರು, ಒಂದ್ ಮಾತ್ ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಐತವಾರ ಒಂದಿನ ಅದು ಇರ್ಲಿ. ಹಿಟ್ನಾಳದವಂಗ ಪೆಡಲ್ ಎಲ್ಲಿ ಕಾಣಸ್ತೈತಿ? ಈಗ ನಿಮಗೂ ಗೊತ್ತೈತಿ, ಕಳವು ಎಲ್ಲಿ ಬಂತು?"

"ಅವಗ ಗೊತ್ತಿಲ್ಲಲ್ರಿ" ಎಂದೆ.

"ಕ್ಲಾರ್ನೆಟ್ ಹೋಗತದಲೇ" ಎಂದ ದೋಸ್ತ. "ಕಾಲು ಬೀಳ್ತೀನಿ. ಒಂದಿನ."

ಶುಕ್ರವಾರ ಮತ್ತು ಶನಿವಾರ ನಾನು ಮನೆಯಿಂದ ಹೊರಬರಲಿಲ್ಲ. ಆಸೆ ಆಗಲಿಲ್ಲ ಎಂದರೆ ಸುಳ್ಳು. ಆ ಕ್ಲಾರ್ನೆಟನ್ನು ನಾನು ಯಾರಿಗೂ ಮುಟ್ಟಲು ಕೊಟ್ಟವನಲ್ಲ. ನಾನು ಸತ್ಯವಂತನೂ ಅಲ್ಲ. ಜೀವನಪೂರ್ತಿ ಮಂದಿಯನ್ನು ಮಂಗ ಮಾಡಿದವನು. ಬೀಗರ ಪೇಟದಲ್ಲಿ ಮಂಡಕ್ಕಿ ತುಂಬಿದ್ದೇನೆ, ಟ್ರಂಪೆಟ್ಟಿನೊಳಗೆ ಹಿಟ್ಟು ಸುರಿದಿದ್ದೇನೆ, ಹಿಟ್ನಾಳದವನದೇ ಟ್ರಂಪೆಟ್. ಆದರೆ ಪ್ರತಿ ಸಲ ಸಂಜೆಯೊಳಗೆ ನಾನೇ ಹೇಳಿಬಿಡುತ್ತಿದ್ದೆ. ಹೇಳಿದಾಗ ಅವರ ಮುಖ ನೋಡುವುದೇ ಮಜಾ. ಕೊನೆಗೂ ಹೇಳದೆ ಇಟ್ಟುಕೊಂಡದ್ದಕ್ಕೆ ಚೇಷ್ಟೆ ಎನ್ನುವುದಿಲ್ಲ. ದೋಸ್ತ ನನಗೆ ಮಾಡಿದ್ದನ್ನು ನಾನು ಹಿಟ್ನಾಳದವನಿಗೆ ಮಾಡಿದರೆ, ದೋಸ್ತನನ್ನು ಬೈಯುವ ಹಕ್ಕೂ ಹೋಗುತ್ತಿತ್ತು. ಕ್ಲಾರ್ನೆಟ್ ಹೋದರೆ ಹೋಗಲಿ, ಆ ಹಕ್ಕು ನನಗೆ ಬೇಕಿತ್ತು. ಶನಿವಾರ ಸಂಜೆ ಮೇಡಂಗೆ ಫೋನ್ ಮಾಡಿದೆ: "ನಾಳೆ ಮೊದಲನೆ ಸುತ್ತು ನನಗ ಏನೂ ಹಚ್ಚಬ್ಯಾಡ್ರಿ. ಗೋದಾಮೂ ಬ್ಯಾಡ."

ಐತವಾರ ಮುಂಜಾನೆ ಹತ್ತೂವರೆ. ನೂರು ಕುರ್ಚಿಯ ಸಭಾಂಗಣದಲ್ಲಿ ಅರವತ್ತು ತುಂಬಿದ್ದವು. ಹಿಟ್ನಾಳದವನು ಮೊದಲ ಸಾಲಿನ ನಡುವೆ ಕೂತಿದ್ದ. ಮಡಿಲಲ್ಲಿ ಒಂದು ಖಾಲಿ ಕೈಚೀಲ, ಅದರೊಳಗೆ ಮಡಚಿದ ಟವೆಲ್. ಕ್ಲಾರ್ನೆಟ್ ಸುತ್ತಿಕೊಂಡು ಹೋಗಲು ತಯಾರಿಯಲ್ಲೇ ಬಂದಿದ್ದ, ಬದ್ಮಾಶ್.

ಹತ್ತು ನಿಮಿಷ ಎಲ್ಲರೂ ಕೂಡಿ ನುಡಿಸಿದೆವು. ಬಾಸ್ ತಗ್ಗಿತು, ಬ್ರಷ್ ತಗ್ಗಿತು. ನಾನು ಎದ್ದು ನಿಂತೆ. ಕಣ್ಣು ಮುಚ್ಚಲಿಲ್ಲ. ಹಿಟ್ನಾಳದವನ ಬೆರಳು ನೋಡುತ್ತಲೇ ಊದಿದೆ. ಮೊದಲ ಕೈ ಮಡಚಿತು, ಎರಡನೇ ಕೈ ಮಡಚಿತು. ಹನ್ನೊಂದಕ್ಕೆ ಸ್ವರ ಇಳಿಯಿತು. ಇಳಿಯಲು ಬಿಟ್ಟೆ. ಹನ್ನೆರಡಕ್ಕೆ ಅದು ದಾರವಾಯಿತು. ದೋಸ್ತನ ಗದ್ದ ತಾನಾಗಿಯೇ ಮೇಲೆದ್ದದ್ದು ಕಂಡೆ. ಮೇಡಂ ಎರಡೂ ಕಾಲನ್ನು ಕುರ್ಚಿಯ ಹಿಂದಕ್ಕೆ ಎಳೆದುಕೊಂಡಿದ್ದರು. ಹದಿಮೂರಕ್ಕೆ ಬರೀ ಗಾಳಿ. ಆಮೇಲೆ ಏನೂ ಇಲ್ಲ.

ಆ ಏನೂ ಇಲ್ಲದ್ದರೊಳಗೆ ಯಾರೂ ಬರಬಾರದು ಎಂದು ಮೊದಲೇ ಹೇಳಿದ್ದೆ. ಯಾರೂ ಬರಲಿಲ್ಲ. ಫ್ಯಾನು ತಿರುಗುವುದು ಕೇಳಿತು. ಉಸಿರು ತೆಗೆದುಕೊಂಡು, ನಾಲ್ಕೈದು ಎಣಿಸುವಷ್ಟೇ ಉದ್ದದ ತುಂಡು ತುಂಡು ಮಾತು ಊದಿ ಆ ಸುತ್ತು ಮುಗಿಸಿದೆ. ಅದ್ಭುತವಾಗಿ ಊದಿದೆ ಎಂದು ಬರೆಯುವ ಆಸೆಯಿದೆ. ಧ್ವನಿಮುದ್ರಣ ಕೇಳಿದೆ. ಸುಮಾರು.

ಚಪ್ಪಾಳೆ ಮುಗಿಯುವ ಮೊದಲೇ ಹಿಟ್ನಾಳದವನು ವೇದಿಕೆಯ ಹತ್ತಿರ ಬಂದು ಚೀಲ ತೆರೆದು ನಿಂತ. ಏನೋ ದೊಡ್ಡ ಮಾತಾಡಿ ಬಿಟ್ಟುಕೊಡುತ್ತಾನೆ ಎಂದು ಒಂದು ಗಳಿಗೆ ಅನಿಸಿತ್ತು.

"ಹದಿಮೂರು" ಎಂದ. "ತಾ."

"ಹಿಟ್ಟು ಸುರಿದ ಸೇಡು ತೀರಿಸ್ಕೊಂಡಿ."

"ಅದರ ಸೇಡು ಬ್ಯಾರೆ ಐತಿ. ಇದು ಮಾತಿನ ಮ್ಯಾಲಿಂದು."

ಊದುವ ತುದಿಯನ್ನು ಕಿತ್ತು ನನ್ನ ಜೇಬಿಗೆ ಹಾಕಿಕೊಂಡು ಉಳಿದದ್ದನ್ನು ಕೊಟ್ಟೆ. ಅವನು ತುದಿ ಕೇಳಿದ. "ಕ್ಲಾರ್ನೆಟ್ ಅಂದೀನಿ. ನನ್ನ ಎಂಜಲ ಕೊಡ್ತೀನಿ ಅಂದಿಲ್ಲ" ಎಂದೆ. ಮುಂದಿನ ಸಾಲು ನಕ್ಕಿತು. ಅವನೂ ಹಲ್ಲು ಕಿರಿದ, ಆದರೆ ಟವೆಲ್ ಸುತ್ತುವುದು ನಿಲ್ಲಿಸಲಿಲ್ಲ.

ಎರಡನೇ ಸುತ್ತಿಗೆ ನನ್ನ ಬಳಿ ಇದ್ದದ್ದು ಅಂಗೈಯಷ್ಟು ತುದಿ. ಅದನ್ನಷ್ಟೇ ಊದಿದರೆ ಬಾತುಕೋಳಿಯ ಕತ್ತು ಹಿಚುಕಿದಂತಿರುತ್ತದೆ. ಮೈಕನ್ನು ಅದಕ್ಕೇ ಹಿಡಿದು, ಎಲ್ಲರಿಗೂ ಕೇಳುವಂತೆ ಹೇಳಿದೆ: "ಮೇಡಂ, ಈಗ ಹಚ್ರಿ ನಿಮ್ಮ ಮಷೀನು. ಏನೇನ ಐತಿ ಎಲ್ಲಾ ಹಚ್ರಿ. ನಾನ ಕೇಳಾಕತ್ತೀನಿ." ಅವರು ಹಚ್ಚಿದರು. ಬಾತುಕೋಳಿ ಹಿಂಡಾಯಿತು, ಹಿಂಡು ತೂರಾಡುವ ಹೊಟ್ಟಾಯಿತು, ನಾನು ಊದುವುದು ಬಿಟ್ಟಾಗಲೂ ಅದು ಹಾರಾಡಿತು. ಜನ ನಕ್ಕರು, ಆಮೇಲೆ ನಗು ನಿಲ್ಲಿಸಿ ಕೇಳಿದರು. ಆ ಯಂತ್ರದ ಮೇಲೆ ನನಗೆ ಸಿಟ್ಟಿಲ್ಲ. ಮೇಡಂ ಮೇಲೂ ಇಲ್ಲ. ಅವರು ಮಾರನೇ ದಿನವೇ ಮನೆಗೆ ಬಂದು, ಕೇಳದೆ ಮಾಡಿದ್ದು ತಪ್ಪು ಎಂದು ಹೇಳಿ ಹೋದರು.

ದೋಸ್ತ ಅವತ್ತು ಡ್ರಮ್ ಬಿಚ್ಚಿ ಕಟ್ಟಿಟ್ಟು ಸಭಾಂಗಣದ ಬಾಗಿಲಲ್ಲಿ ಕಾಯುತ್ತಿದ್ದ.

"ಗುರುವಾರ ಬರ್ತಿಯಿಲ್ಲೋ?" ಎಂದ.

"ಬರ್ತೀನಿ."

"ಸಿಟ್ಟು ಹೋತೇನು?"

"ಇಲ್ಲ. ಒಂದ ಮಾತು ಕೇಳು. ಇನ್ನ ಮ್ಯಾಲೆ ನಾ ಊದಿದ ಮ್ಯಾಲೆ ಏನೂ ಅನಬ್ಯಾಡ. ಛಲೋ ಅಂತನೂ ಬ್ಯಾಡ, ಕೆಟ್ಟ ಅಂತನೂ ಬ್ಯಾಡ."

ಅವನು ತಲೆ ಆಡಿಸಿದ.

ಮಾಲೀಕರು ಎಲ್ಲಿಂದಲೋ ಒಂದು ಹಳೆಯ ಕ್ಲಾರ್ನೆಟ್ ತಂದುಕೊಟ್ಟಿದ್ದಾರೆ. ಎರಡು ಕೀಲಿಯಲ್ಲಿ ಗಾಳಿ ಸೋರುತ್ತದೆ. ಈಗಲೂ ಗುರುವಾರ ಗುರುವಾರ ನಾಲ್ವರೂ ಸೇರುತ್ತೇವೆ, ನುಡಿಸುತ್ತೇವೆ. ದೋಸ್ತ ಮಾತು ಉಳಿಸಿಕೊಂಡಿದ್ದಾನೆ. ಮುಗಿದ ಮೇಲೆ ಬ್ರಷ್ ಕೆಳಗಿಟ್ಟು, ಬಾಯಿ ಬಿಗಿಹಿಡಿದು, ಬೆರಳು ಒತ್ತಿಕೊಳ್ಳುತ್ತಾನೆ. ನಾನು ಊದುವ ತುದಿಯ ರೀಡ್ ಒರೆಸಿಕೊಳ್ಳುತ್ತೇನೆ. ಬಡಾಯಿ ಕೊಚ್ಚುವವನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ನಲವತ್ತು ವರ್ಷ ನಾನು ಚೆನ್ನಾಗಿ ಊದಿದೆನೋ ಇಲ್ಲವೋ ಎಂದು ನನಗೆ ಗೊತ್ತಾಗುತ್ತಿದ್ದದ್ದು ಅವನ ಬಾಯಿಂದ. ಈಗ ಗೊತ್ತಾಗುವುದಿಲ್ಲ.